ಸಿಸ್ಟಮ್ ತಗೊಳ್ಳಲಿಲ್ಲ ಅಂದ್ರೆ ತಪ್ಪು ಯಾರದು?

  

ಯೂತ್ ಮೀಟಿಂಗ್ ಆದ್ದರಿಂದ ಇವತ್ತು ನಿಮ್ಮ ಕೆಲಸದ ಜಾಗದ ಪ್ರಶ್ನೆಯನ್ನೇ ತಗೊಂಡಿದ್ದೀನಿ. ಕೆಲಸಕ್ಕೆ ಹೊಸ ಮಷೀನು ಬರುತ್ತೆ, ಹೊಸ ಆ್ಯಪ್ ಬರುತ್ತೆ. ಅದು ತಪ್ಪು ಲೆಕ್ಕ ಹಾಕಿ ಒಬ್ಬ ಬಡವಿಯ ಕೂಲಿ ಕಡಿಯುತ್ತೆ. ಆ ಪಾಪ ಯಾರ ಲೆಕ್ಕಕ್ಕೆ ಹೋಗುತ್ತೆ? ಮಷೀನಿಗೆ ಆತ್ಮ ಇಲ್ಲ. ನ್ಯಾಯಾಸನದ ಮುಂದೆ ಅದನ್ನ ಯಾರೂ ನಿಲ್ಲಿಸಲ್ಲ. ಹಾಗಾದರೆ ನಿಲ್ಲೋದು ಯಾರು?

ಬೈಬಲ್ ತೆಗೀರಿ, 1 ಸಮುವೇಲ 13ನೇ ಅಧ್ಯಾಯ, 19ರಿಂದ 22. ಇದರ ಮೇಲೆ ಪ್ರಸಂಗ ಕೇಳಿದವರು ಕಡಿಮೆ. ಎಲ್ಲರೂ ನೇರವಾಗಿ 14ಕ್ಕೆ, ಯೋನಾತಾನನ ಸಾಹಸಕ್ಕೆ ಹೋಗಿಬಿಡ್ತೀವಿ. ಇಲ್ಲಿರೋ ವಿಷಯ ಇಷ್ಟು. ಇಸ್ರಾಯೇಲ್ ದೇಶದಲ್ಲಿ ಒಬ್ಬನೇ ಒಬ್ಬ ಕಮ್ಮಾರ ಇರಲಿಲ್ಲ. ಇರೋಕೆ ಫಿಲಿಷ್ಟಿಯರು ಬಿಟ್ಟಿರಲಿಲ್ಲ, ಕಬ್ಬಿಣದ ಕೆಲಸ ಕಲಿತರೆ ಕತ್ತಿ ಮಾಡ್ಕೊಂಡುಬಿಡ್ತಾರೆ ಅಂತ. ಹಾಗಾಗಿ ರೈತ ತನ್ನ ನೇಗಿಲಿನ ಗುಳ, ಗುದ್ದಲಿ, ಕೊಡಲಿ, ಕುಡುಗೋಲು ಹರಿತ ಮಾಡಿಸಬೇಕಾದ್ರೂ ಗುಡ್ಡ ಇಳಿದು ಫಿಲಿಷ್ಟಿಯರ ಹತ್ರಾನೇ ಹೋಗಬೇಕಿತ್ತು. ಅದಕ್ಕೆ ರೇಟು ಕೂಡ ಫಿಕ್ಸ್ ಆಗಿತ್ತು. ಮೂಲ ಭಾಷೆಯಲ್ಲಿ ಪಿಮ್ ಅನ್ನೋ ಪದ ಇದೆ. ಬಹಳ ಕಾಲ ಇದರ ಅರ್ಥ ಯಾರಿಗೂ ಗೊತ್ತಿರಲಿಲ್ಲ, 1611ರ ಇಂಗ್ಲಿಷ್ ಬೈಬಲ್ ಅದನ್ನ ಅರ, ಅಂದ್ರೆ ಕಬ್ಬಿಣ ಉಜ್ಜುವ ಅರ ಅಂತಲೇ ಅನುವಾದ ಮಾಡಿತ್ತು. ಆಮೇಲೆ ನೆಲ ಅಗೆದಾಗ ಪಿಮ್ ಅಂತ ಕೆತ್ತಿರೋ ತೂಕದ ಕಲ್ಲುಗಳು ಸಿಕ್ಕವು. ಒಂದೊಂದು ಎಂಟು ಗ್ರಾಂ ಒಳಗೇ. ಸಾಣೆ ಹಿಡಿಸೋಕೆ ಅಷ್ಟು ತೂಕದ ಬೆಳ್ಳಿ ಕೊಡಬೇಕಿತ್ತು.

ನೋಡಿ, ಗುದ್ದಲಿ ಅವನದೇ. ಹೊಲ ಅವನದೇ, ಬೆವರೂ ಅವನದೇ. ಗುದ್ದಲಿ ಮೊಂಡಾದಾಗ ಸರಿ ಮಾಡೋ ಅಧಿಕಾರ ಮಾತ್ರ ಇನ್ನೊಬ್ಬನ ಕೈಯಲ್ಲಿ. ಹೊಸ ತಂತ್ರಜ್ಞಾನ ಬಂದಾಗಲೆಲ್ಲಾ ನಾನು ಕೇಳಬೇಕು ಅಂತಿರೋದು ಇದನ್ನೇ: ಇದು ಕೆಟ್ಟರೆ ಸರಿ ಮಾಡಿಸೋಕೆ ನಾನು ಯಾರ ಬಾಗಿಲಿಗೆ ಹೋಗಬೇಕು, ಅಲ್ಲಿವರೆಗೆ ನಷ್ಟ ಯಾರದು?

ಮಷೀನು ಸೈತಾನನದು ಅಂತ ನಾನು ಹೇಳ್ತಿಲ್ಲ. ಹರಿಹರದಲ್ಲಿ ನಿಂತು ಹಾಗೆ ಹೇಳೋಕೆ ಯಾರಿಗೂ ಬಾಯಿ ಬರಬಾರದು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಬೇರೆ ಮಷೀನುಗಳನ್ನ ಮಾಡೋ ಮಷೀನು, ಲೇತ್, ತಯಾರಾಗ್ತಿದ್ದದ್ದು ತುಂಗಭದ್ರೆಯ ದಂಡೆ ಮೇಲೆ. ಆ ಬಡಾವಣೆಗೆ ಯಂತ್ರಪುರ ಅಂತಾನೇ ಹೆಸರು. ನಿಮ್ಮಲ್ಲಿ ಎಷ್ಟು ಜನರ ತಾತ, ದೊಡ್ಡಪ್ಪ ಅಲ್ಲಿ ಟರ್ನರ್, ಫಿಟ್ಟರ್ ಆಗಿದ್ರೋ ನೀವೇ ಹೇಳಬೇಕು. ಇಂಚಿನ ಸಾವಿರದ ಒಂದು ಭಾಗ ಹೆಚ್ಚುಕಮ್ಮಿ ಆದ್ರೆ ಆ ತಲೆಮಾರಿನವರಿಗೆ ಕೈಗೇ ಗೊತ್ತಾಗ್ತಿತ್ತು. ಆ ಕಾರ್ಖಾನೆ ಈಗ ಇಲ್ಲ. ಈಗ ಊರ ವರ್ಕ್‌ಶಾಪುಗಳಲ್ಲಿ ಸಿಎನ್‌ಸಿ ಬಂದಿದೆ, ಪ್ರೋಗ್ರಾಂ ಒಬ್ಬ ಬರೀತಾನೆ, ಇನ್ನೊಬ್ಬ ಬಟನ್ ಒತ್ತುತಾನೆ. ಲೇತ್ ಮುಂದೆ ನಿಂತ ಹಳೇ ಟರ್ನರ್ ಮಾಲೀಕನಿಗೂ ಒಂದು ಮಾತು ಹೇಳ್ತಿದ್ದ, ಯಾಕಂದ್ರೆ ವಿದ್ಯೆ ಅವನ ಕೈಯಲ್ಲಿತ್ತು. ಬಟನ್ ಒತ್ತುವವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅದೂ ಕಬ್ಬಿಣವೇ, ಇದೂ ಕಬ್ಬಿಣವೇ. ಬದಲಾಗಿದ್ದು ಯಾರ ಮಾತು ನಡೆಯುತ್ತೆ ಅನ್ನೋದು.

ಇನ್ನು ದಾವಣಗೆರೆಯ ಮಂಡಕ್ಕಿ ಭಟ್ಟಿ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮೂರು ಬಂತಲ್ಲ, ಆ ಯೋಜನೆಯಲ್ಲೇ ಭಟ್ಟಿ ಪ್ರದೇಶದ ಸುಧಾರಣೆಯ ಮಾತೂ ಇತ್ತು. ಬಿಸಿ ಮರಳಿನ ಮುಂದೆ, ಹೊಗೆಯಲ್ಲಿ, ಇಡೀ ಸಂಸಾರ ನಿಂತು ಕೆಲಸ ಮಾಡೋದನ್ನ ನೋಡಿದ ಯಾರೂ ಹೊಗೆಯಿಲ್ಲದ ಒಲೆ ಬೇಡ ಅನ್ನಲ್ಲ. ನನ್ನ ತಾಯಿ ಅಲ್ಲಿ ನಿಂತಿದ್ರೆ ನಾನೇ ಮೊದಲು ಮಷೀನು ಕೇಳ್ತಿದ್ದೆ. ಆದರೆ ಮಷೀನಿನ ದುಡ್ಡು ಹಾಕೋದು ಯಾರು, ಹತ್ತು ಕೈ ಮಾಡ್ತಿದ್ದನ್ನ ಮೂರು ಕೈ ಮಾಡಿದಾಗ ಉಳಿದ ಏಳು ಕೈ ಎಲ್ಲಿಗೆ ಹೋಗಬೇಕು, ಇದನ್ನ ಒಲೆಯ ಮುಂದೆ ನಿಂತವರ ಹತ್ರ ಕೂತು ಕೇಳಬೇಕಾಗುತ್ತೆ.

ಹತ್ತಿ ಗಿರಣಿಗಳ ಕಾಲದಿಂದ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಬಿರುದು. ಆ ಇನ್ನೊಂದು ಮ್ಯಾಂಚೆಸ್ಟರ್ ಇರೋ ಇಂಗ್ಲೆಂಡಿನಲ್ಲಿ 1811, 12ರಲ್ಲಿ ನೇಕಾರರು ಮಗ್ಗದ ಯಂತ್ರಗಳನ್ನ ಸುತ್ತಿಗೆಯಿಂದ ಒಡೆದರು. ಲಡ್ಡೈಟ್ ಅಂತ ಈಗ ಬೈಗುಳದ ಹಾಗೆ ಹೇಳ್ತೀವಲ್ಲ, ಅದು ಅವರ ಹೆಸರು. ಅವರಲ್ಲಿ ಎಷ್ಟೋ ಜನ ತಾವೇ ಯಂತ್ರದ ಮೇಲೆ ಕೆಲಸ ಕಲಿತವರು. ಅವರ ಸಿಟ್ಟು ಕೂಲಿ ಇಳಿಸೋಕೆ ಯಂತ್ರವನ್ನ ನೆಪ ಮಾಡ್ಕೊಂಡ ಧಣಿಗಳ ಮೇಲಿತ್ತು. 1812ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಯಂತ್ರ ಒಡೆದವನಿಗೆ ಮರಣದಂಡನೆ ಅಂತ ಕಾನೂನು ಮಾಡಿತು. ಕಬ್ಬಿಣಕ್ಕೆ ಎಷ್ಟು ಬೆಲೆ, ಮನುಷ್ಯನಿಗೆ ಎಷ್ಟು! ಒಡೆಯೋದು ಸರಿ ಅಂತ ನಾನು ಹೇಳಲ್ಲ. ಅವರ ಪ್ರಶ್ನೆ ಮಾತ್ರ ಸರಿಯಾಗಿತ್ತು.

ಈಗ ಹತ್ರಕ್ಕೆ ಬರೋಣ. ನಿಮ್ಮಲ್ಲಿ ಕೆಲವರ ತಂದೆತಾಯಿ ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದವರು. 2021ರಲ್ಲಿ ಅದಕ್ಕೊಂದು ಹಾಜರಾತಿ ಆ್ಯಪ್ ಬಂತು, 2023ರ ಜನವರಿ 1ರಿಂದ ಅದು ಕಡ್ಡಾಯ ಆಯ್ತು. ಕೆರೆ ಹೂಳು ಎತ್ತೋ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೋ, ಜಾಗದ ಗುರುತಿನ ಸಮೇತ. ನಮ್ಮ ರಾಜ್ಯದಲ್ಲಿ ಕಾಯಕ ಬಂಧು ಅಂತಾರಲ್ಲ, ಆ ಹುಡುಗನೋ ಹೆಣ್ಣುಮಗಳೋ ತನ್ನ ಫೋನಲ್ಲಿ ತೆಗೀಬೇಕು. ಉದ್ದೇಶ ಒಳ್ಳೇದೇ, ಸುಳ್ಳು ಹೆಸರು ಬರೆದು ದುಡ್ಡು ಹೊಡೆಯೋರನ್ನ ಹಿಡಿಯೋದು. ಆದರೆ ನೆಟ್‌ವರ್ಕ್ ಇಲ್ಲದ ಬಯಲಲ್ಲಿ ಫೋಟೋ ಹೋಗಲ್ಲ. ಫೋಟೋ ಹೋಗದಿದ್ರೆ ಹಾಜರಾತಿ ಇಲ್ಲ, ಹಾಜರಾತಿ ಇಲ್ಲದಿದ್ರೆ ಕೂಲಿ ಇಲ್ಲ. ಮಣ್ಣು ಹೊತ್ತಿದ್ದು ನಿಜ, ಬುಟ್ಟಿ ನಿಜ, ಸೊಂಟ ನೋವು ನಿಜ. ಸರಿ ಮಾಡಿಸಬೇಕಾದ್ರೆ ಮೇಲಿನ ಕಚೇರಿಗೆ ಅಲೀಬೇಕು, ಆ ದಿನದ ಕೆಲಸವನ್ನೂ ಬಿಟ್ಟು. ಗುಡ್ಡ ಇಳಿದು ಫಿಲಿಷ್ಟಿಯರ ಹತ್ರ ಹೋದ ಹಾಗೆ! 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಬರೆದ ಪತ್ರದಲ್ಲಿ, ಕೆಲಸಕ್ಕೆ ಸಂಬಂಧವಿಲ್ಲದ ಫೋಟೋ, ಫೋಟೋವನ್ನೇ ಮತ್ತೆ ಫೋಟೋ ತೆಗೆದದ್ದು, ಎಲ್ಲಾ ಅಪ್‌ಲೋಡ್ ಆಗ್ತಿದೆ ಅಂತ ಹೇಳಿತು. ಅಂದ್ರೆ ಕಳ್ಳ ದಾರಿ ಕಂಡ್ಕೊಂಡ. ಬಿಸಿಲಲ್ಲಿ ನಿಂತವರು ನೆಟ್‌ವರ್ಕ್ ಹುಡುಕ್ತಾ ಉಳಿದರು.

ಈ ಕಷ್ಟ ಕೂಲಿಯವರಿಗೆ ಮಾತ್ರ ಅಂತ ತಿಳೀಬೇಡಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ಹಳೇ ಹೆಸರಲ್ಲಿ ಗ್ರಾಮ ಲೆಕ್ಕಿಗರು, ಮುಷ್ಕರಕ್ಕೆ ಕೂತರು. ಅವರ ಒಂದು ದೊಡ್ಡ ದೂರು ಆ್ಯಪ್‌ಗಳದ್ದೇ. ಹದಿನೈದು ಇಪ್ಪತ್ತು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಅಂತಾರೆ, ಕೂರೋಕೆ ಸರಿಯಾದ ಕಚೇರಿ ಇಲ್ಲ, ಫೋನು, ಲ್ಯಾಪ್‌ಟಾಪ್, ಇಂಟರ್ನೆಟ್ ಕೊಟ್ಟಿಲ್ಲ ಅಂತ. ಸರ್ಕಾರಿ ನೌಕರರಿಗೇ ಹೀಗಾದ್ರೆ, ಕಾಂಟ್ರಾಕ್ಟ್ ಮೇಲೆ ಗುಡಿಸೋಳ ಗತಿ ಏನು?

ಅದಕ್ಕೇ ಬರ್ತಿದ್ದೀನಿ. ನಮ್ಮ ಸಭೆಯ ಒಬ್ಬ ತಮ್ಮ. ಅವನ ಹೆಸರು ಬೇಡ, ಕೆಲಸದ ಜಾಗದ ಹೆಸರೂ ಬೇಡ, ಅವನನ್ನ ಕೇಳಿಯೇ ಹೇಳ್ತಿದ್ದೀನಿ. ಒಬ್ಬ ಕಾಂಟ್ರಾಕ್ಟರ್ ಕೈಕೆಳಗೆ ಹೌಸ್‌ಕೀಪಿಂಗ್ ಸೂಪರ್‌ವೈಸರ್. ವಯಸ್ಸು ಇಪ್ಪತ್ನಾಲ್ಕು. ಅವನ ಕೈಕೆಳಗೆ ಗುಡಿಸೋ ಒರೆಸೋ ಹೆಣ್ಣುಮಕ್ಕಳು ಅವನ ತಾಯಿಯ ವಯಸ್ಸಿನವರು, ಆದರೂ ಅವನನ್ನ ಸರ್ ಅಂತಾರೆ. ಮುಖ ನೋಡಿ ಹಾಜರಿ ಹಾಕೋ ಆ್ಯಪ್ ಬಂತು. ಬೆಳಿಗ್ಗೆ ಆರಕ್ಕೆ ಇವನು ಫೋನ್ ಹಿಡೀಬೇಕು, ಅವರು ಒಬ್ಬೊಬ್ಬರಾಗಿ ಮುಂದೆ ನಿಲ್ಲಬೇಕು. ಅದರಲ್ಲಿ ಒಬ್ಬಾಕೆ ಕಣ್ಣಿನ ಪೊರೆ ಆಪರೇಷನ್ ಮಾಡಿಸ್ಕೊಂಡು ಕಪ್ಪು ಕನ್ನಡಕ ಹಾಕ್ಕೊಂಡು ಬರೋಕೆ ಶುರುಮಾಡಿದ್ರು. ಆ್ಯಪ್ ಆಕೆಯ ಮುಖ ತಗೊಳ್ಳಲಿಲ್ಲ. ಕೆಂಪು ಗುರುತು. ಮತ್ತೆ ಹಿಡಿದ, ಮತ್ತೆ ಕೆಂಪು. ಆಯಮ್ಮ ಅಂದ್ರಂತೆ, “ಅಯ್ಯೋ, ನಾ ಇಲ್ಲೇ ಅದೀನಲ್ಲಪ್ಪ.”

ಆ್ಯಪಲ್ಲಿ ಮ್ಯಾನ್ಯುವಲ್ ಅಂತ ಒಂದು ಬಟನ್ ಇದೆ. ಸೂಪರ್‌ವೈಸರ್ ತಾನೇ ಹಾಜರಿ ಹಾಕಬಹುದು. ಆದರೆ ತಿಂಗಳಿಗೆ ಮೂರು ಸಲಕ್ಕಿಂತ ಹೆಚ್ಚು ಒತ್ತಿದ್ರೆ ಮೇಲಿಂದ ಮೇಲ್ ಬರುತ್ತೆ, ಇವನ ಇನ್ಸೆಂಟಿವ್ ಹೋಗುತ್ತೆ. ಮೂರು ಮುಗಿದಿತ್ತು. ಆಕೆ ಗುಡಿಸಿದ್ರು, ಒರೆಸಿದ್ರು, ಸಂಜೆ ಮನೆಗೆ ಹೋದ್ರು. ಲೆಕ್ಕದಲ್ಲಿ ಗೈರು. ಹೀಗೆ ಕೆಲವು ದಿನ. ಅವನು ನನ್ನ ಹತ್ರ ಬಂದು ತಲೆ ತಗ್ಗಿಸಿ ಹೇಳಿದ್ದು: “ಪಾಸ್ಟರ್, ನಾನೇನೂ ಮಾಡ್ಲಿಲ್ಲ. ಸಿಸ್ಟಮ್ ತಗೊಳ್ಳಲಿಲ್ಲ. ನಾನು ಬರೀ ಫೋನ್ ಹಿಡ್ಕಂಡಿರೋನು.”

ಪ್ರಿಯರೇ, ಬರೀ ಫೋನ್ ಹಿಡ್ಕಂಡಿರೋನು ಅನ್ನೋ ಮಾತು ನನ್ನನ್ನ ವಿಮೋಚನಕಾಂಡ 5ಕ್ಕೆ ಕರ್ಕೊಂಡು ಹೋಯ್ತು. ಕಥೆ ನಿಮಗೆ ಗೊತ್ತು. ಇನ್ಮುಂದೆ ಹುಲ್ಲು ಕೊಡಲ್ಲ, ನೀವೇ ಹುಡುಕ್ಕೊಳ್ಳಿ, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಡಿಮೆ ಆಗಬಾರದು ಅಂತ ಫರೋಹ ಆಜ್ಞೆ ಮಾಡಿದ. ಯಾಕೆ? ಇವರು ಸೋಮಾರಿಗಳು ಅಂತ. (ಮೂರೂವರೆ ಸಾವಿರ ವರ್ಷ ಆಗ್ತಾ ಬಂತು, ಮೇಲೆ ಕೂತವರ ಈ ಮಾತು ಮಾತ್ರ ಬದಲಾಗಿಲ್ಲ.) ಅಲ್ಲಿ ಮೂರು ಮೆಟ್ಟಿಲು ಇದೆ, ಗಮನಿಸಿ. ಮೇಲೆ ಫರೋಹ. ಅವನ ಕೆಳಗೆ ಬಿಟ್ಟಿ ಮಾಡಿಸೋ ಐಗುಪ್ತದ ಅಧಿಕಾರಿಗಳು. ಅವರ ಕೆಳಗೆ ಇಸ್ರಾಯೇಲ್ಯರಿಂದಲೇ ಆರಿಸಿದ ಮೇಲ್ವಿಚಾರಕರು, ನಮ್ಮ ಮಾತಲ್ಲಿ ಮೇಸ್ತ್ರಿಗಳು. ಮೂಲದಲ್ಲಿ ಅವರಿಗೆ ಶೋಟೆರೀಮ್ ಅಂತ ಪದ. ವಿದ್ವಾಂಸರು ಇದನ್ನ ಅಕ್ಕಾಡಿಯನ್ ಭಾಷೆಯ ಬರೆಯುವುದು ಅನ್ನೋ ಅರ್ಥದ ಪದಕ್ಕೆ ಜೋಡಿಸ್ತಾರೆ. ಅಂದ್ರೆ ಎಷ್ಟು ಇಟ್ಟಿಗೆ ಆಯ್ತು ಅಂತ ಲೆಕ್ಕ ಬರೆಯೋರು. ಡೇಟಾ ಎಂಟ್ರಿ ಮಾಡೋರು. ಫೋನ್ ಹಿಡ್ಕಂಡಿರೋರು.

ಲೆಕ್ಕ ಕಡಿಮೆ ಬಂದಾಗ ಹೊಡೆತ ಬಿದ್ದಿದ್ದು ಯಾರಿಗೆ? 14ನೇ ವಚನ ನೋಡಿ. ಈ ಮೇಸ್ತ್ರಿಗಳಿಗೆ. ಇದನ್ನ ಓದಿದ ಯೆಹೂದಿ ವ್ಯಾಖ್ಯಾನಕಾರರು ಒಂದು ಪ್ರಶ್ನೆ ಕೇಳಿದ್ರು: ಇವರಿಗೇ ಯಾಕೆ ಹೊಡೆತ ಬಿತ್ತು, ಕೆಳಗಿನವರಿಗೆ ಯಾಕೆ ಬೀಳಲಿಲ್ಲ? ಹನ್ನೊಂದನೇ ಶತಮಾನದ ಫ್ರಾನ್ಸಿನ ರಾಶಿ ಹಳೇ ಪರಂಪರೆಯ ಉತ್ತರವನ್ನ ಬರೆದಿಟ್ಟಿದ್ದಾನೆ. ಇವರು ತಮ್ಮ ಜನರನ್ನ ಒತ್ತಾಯ ಮಾಡಲಿಲ್ಲ, ತಮ್ಮ ಬೆನ್ನು ಕೊಟ್ಟರು ಅಂತ.

ಈಗ ಅರಣ್ಯಕಾಂಡ 11. ಮರುಭೂಮಿಯಲ್ಲಿ ಮೋಶೆಗೆ ಭಾರ ಹೊರೋಕೆ ಆಗ್ತಿಲ್ಲ. ದೇವರು ಎಪ್ಪತ್ತು ಜನ ಹಿರಿಯರನ್ನ ಸೇರಿಸು ಅಂತಾನೆ. ಯಾರನ್ನ? 16ನೇ ವಚನದಲ್ಲಿ ಮತ್ತೆ ಅದೇ ಪದ ಬರುತ್ತೆ, ಶೋಟೆರೀಮ್. ಐಗುಪ್ತದಲ್ಲಿ ಬೆನ್ನಿಗೆ ಏಟು ತಿಂದ ಅದೇ ಮೇಸ್ತ್ರಿಗಳು ಇವರು ಅಂತ ರಾಶಿ ಹೇಳ್ತಾನೆ. ಅವರ ಮೇಲೆ ದೇವರು ಏನನ್ನ ಇಳಿಸಿದ? ತನ್ನ ಆತ್ಮವನ್ನ! ಹಲ್ಲೆಲೂಯಾ! ಅವರು ಪ್ರವಾದಿಸಿದರು.

ನಾವು ಪೆಂತೆಕೋಸ್ತರು. ಅಭಿಷೇಕ ಅಭಿಷೇಕ ಅಂತ ಕೂಗ್ತೀವಿ, ಉಪವಾಸ ಮಾಡ್ತೀವಿ, ರಾತ್ರಿ ಪ್ರಾರ್ಥನೆ ಮಾಡ್ತೀವಿ. ಮಾಡಬೇಕು. ಆದರೆ ಆ ಎಪ್ಪತ್ತು ಜನರ ಅನುಭವದ ಕಾಲಂನಲ್ಲಿ ಏನು ಬರೆದಿತ್ತು ನೋಡಿ. ಕೆಳಗಿನವರ ಏಟನ್ನ ತಾವು ತಿಂದವರು. ಅವರಲ್ಲಿ ಎಲ್ದಾದ್, ಮೇದಾದ್ ಅನ್ನೋ ಇಬ್ಬರು ದೇವದರ್ಶನದ ಗುಡಾರಕ್ಕೆ ಬರಲೇ ಇಲ್ಲ, ಪಾಳೆಯದಲ್ಲೇ ಉಳಿದಿದ್ರು, ಆತ್ಮ ಅಲ್ಲೇ ಅವರ ಮೇಲೆ ಬಂತು. ಯೆಹೋಶುವನಿಗೆ ಇದು ಸರಿ ಕಾಣಲಿಲ್ಲ, ಮೋಶೆಗೆ ಸಂತೋಷ ಆಯ್ತು. ನಿಮ್ಮಲ್ಲಿ ಕೆಲವರಿಗೆ ಭಾನುವಾರವೂ ಶಿಫ್ಟ್ ಇರುತ್ತೆ, ಆ ಬೇಸರ ನನಗೆ ಹೇಳ್ತಿರ್ತೀರ. ಈ ಇಬ್ಬರನ್ನ ನೆನಪಿಟ್ಕೊಳ್ಳಿ.

ಇಲ್ಲಿ ಒಬ್ಬರು ಕೈ ಎತ್ತಬಹುದು: ಪೌಲನು ಯಜಮಾನರಿಗೆ ವಿಧೇಯರಾಗಿರಿ ಅಂದನಲ್ಲ? ಹೌದು, ಕೊಲೊಸ್ಸೆ 3:22. ಅದೇ ವಚನದಲ್ಲಿ, ನೋಡ್ತಿರೋವಾಗ ಮಾತ್ರ ಕೆಲಸ ಮಾಡೋರ ಹಾಗಿರಬೇಡಿ ಅಂತಲೂ ಹೇಳ್ತಾನೆ. ನಮ್ಮ ಆ್ಯಪ್‌ಗಳು ಜನಕ್ಕೆ ಕಲಿಸ್ತಿರೋದು ನೋಡ್ತಿರೋವಾಗ ಕಾಣಿಸ್ಕೊಳ್ಳೋದನ್ನೇ. ಮುಖ ತೋರಿಸು, ಹೋಗು. ನಾಲ್ಕು ವಚನ ಮುಂದೆ, 4:1ರಲ್ಲಿ, ಪೌಲ ಯಜಮಾನರ ಕಡೆ ತಿರುಗಿ ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನ ಇದ್ದಾನೆ, ನ್ಯಾಯವಾದದ್ದನ್ನೇ ಕೊಡಿ ಅಂತಾನೆ. ಕ್ಯಾಮೆರಾ ಯಾವಾಗಲೂ ಕೆಳಗೆ ನೋಡುತ್ತೆ. ಮ್ಯಾನ್ಯುವಲ್ ಬಟನ್‌ಗೆ ಮೂರೇ ಸಲ ಅಂತ ಮಿತಿ ಹಾಕಿದವನ ಹಾಜರಿಯನ್ನ ಯಾವ ಫೋನೂ ತಗೊಳ್ಳಲ್ಲ. ಅವನೂ ನಿಮ್ಮಂಥ ಒಬ್ಬ ಹುಡುಗನೇ ಇರಬಹುದು, ಬೆಂಗಳೂರಲ್ಲಿ ಕೂತು, ಡೆಡ್‌ಲೈನ್ ಇದೆ ಅಂತ ಯೋಚನೆ ಮಾಡದೆ ಮೂರು ಅಂತ ಟೈಪ್ ಮಾಡಿದವನು. ನಿಮ್ಮಲ್ಲಿ ಕೋಡ್ ಬರೆಯೋರು, ಎಚ್‌ಆರ್‌ನಲ್ಲಿ ಇರೋರು ಇದ್ದೀರ. ಆ ಸಂಖ್ಯೆ ಹಾಕೋ ದಿನ ದಾವಣಗೆರೆಯ ಆ ಕಪ್ಪು ಕನ್ನಡಕದ ಆಯಮ್ಮನ್ನ ನೆನೆಸ್ಕೊಳ್ಳಿ.

ಆ ತಮ್ಮ ಇನ್ನೊಂದು ಕೇಳಿದ. ಆಕೆಯ ಹಳೇ ಫೋಟೋ ಫೋನಲ್ಲಿದೆ, ಅದನ್ನೇ ಕ್ಯಾಮೆರಾ ಮುಂದೆ ಹಿಡಿದ್ರೆ ಹಸಿರು ಬರುತ್ತೆ, ಹಾಗೆ ಮಾಡ್ಲಾ ಅಂತ. ಕರುಣೆಯಿಂದ ಕೇಳಿದ್ದು, ನನಗೆ ಗೊತ್ತು. ನಾನು ಬೇಡ ಅಂದೆ. ಸುಳ್ಳು ಅಂತ ಒಂದು ಕಾರಣ. ಇನ್ನೊಂದು, ಅದು ಸಿಕ್ಕಿಬಿದ್ದ ದಿನ ಆಕೆಯನ್ನೇ ಕಳ್ಳಿ ಅಂತಾರೆ, ನಿಜವಾಗಿ ಬಂದ ದಿನಗಳೂ ಹೋಗ್ತವೆ. ಆಕೆ ಬಂದಿದ್ದು ಸತ್ಯ, ಅದನ್ನ ನೋಡಿದವನು ಇವನು. ಮ್ಯಾನ್ಯುವಲ್ ಬಟನ್ ಅಂದ್ರೆ ಸಾಕ್ಷಿ ಹೇಳೋದು, ಅಷ್ಟೇ. ಸಾಕ್ಷಿಗೆ ತಿಂಗಳಿಗೆ ಮೂರು ಅಂತ ಮಿತಿ ಇರೋಕಾಗಲ್ಲ.

ಅವನು ಒತ್ತಿದ. ಆ ತಿಂಗಳು ಇನ್ಸೆಂಟಿವ್ ಹೋಯ್ತು, ಬೈಕ್ ಕಂತಿನ ಅರ್ಧದಷ್ಟು ದುಡ್ಡು. ಅವನಿಗೆ ಚಿಕ್ಕದಲ್ಲ ಅದು. ಒಂದು ನೋಟ್‌ಬುಕ್ ತಗೊಂಡು ದಿನಾ ಯಾರು ಎಷ್ಟು ಗಂಟೆಗೆ ಬಂದ್ರು ಅಂತ ಬರೆದು ಅವರಿಂದಲೇ ಸಹಿ, ಹೆಬ್ಬೆಟ್ಟು ಹಾಕಿಸ್ತಾನೆ. ಆ ಪುಟಗಳ ಫೋಟೋ ಹಾಕಿ ಮೇಲಿನವರಿಗೆ ಮೇಲ್ ಮಾಡಿದ. ಐಗುಪ್ತದ ಮೇಸ್ತ್ರಿಗಳು ಹೊಡೆತ ತಿಂದು ಸುಮ್ಮನೆ ಕೂರಲಿಲ್ಲ, ನೇರವಾಗಿ ಫರೋಹನ ಹತ್ರ ಹೋಗಿ ತಪ್ಪು ನಿನ್ನ ಜನರದ್ದು ಅಂತ ಹೇಳಿದರು, 16ನೇ ವಚನ. ಕೆಲಸ ಮಾಡಿದ ದಿನವನ್ನ ಗೈರು ಅಂತ ಕಡಿಯೋಕೆ ಕಾನೂನೂ ಬಿಡಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೇ ಗೈರುಹಾಜರಿಗೆ ಕಡಿತ ಅಂದ್ರೆ ನಿಜವಾಗಿ ಗೈರಾದಷ್ಟಕ್ಕೆ ಮಾತ್ರ ಅಂತ ಇತ್ತು. ಇದನ್ನ ಮೇಲ್‌ನಲ್ಲಿ ಮರ್ಯಾದೆಯಿಂದ ಬರೀಬಹುದು, ಬರೆಯೋದು ದಂಗೆ ಅಲ್ಲ. ಆಯಮ್ಮನಿಗೆ ಎರಡು ದಿನದ ಕೂಲಿ ವಾಪಸ್ ಬಂದಿದೆ. ಉಳಿದದ್ದು ಬಂದಿಲ್ಲ. ಮೂರರ ಮಿತಿ ಇನ್ನೂ ಹಾಗೇ ಇದೆ.

ಫರೋಹನ ಮುಂದೆ ಹೋದವರಿಗೂ ಅವತ್ತೇ ಏನೂ ಸಿಗಲಿಲ್ಲ. ಹೊರಗೆ ಬಂದು ಮೋಶೆ ಆರೋನರಿಗೇ ಬೈದರು, ನಿಮ್ಮಿಂದ ನಮ್ಮ ಹೆಸರು ಕೆಟ್ಟು ನಾರ್ತಾ ಇದೆ ಅಂತ. ಪಾಸ್ಟರ್ ಮಾತು ಕೇಳಿ ಬಟನ್ ಒತ್ತಿದವನು ನಾಳೆ ನನಗೂ ಬೈಯಬಹುದು. ಬೈಲಿ.

ಮೀಟಿಂಗ್ ಶುರುವಾಗೋ ಮುಂಚೆ ಹರಿಹರದ ಒಬ್ಬ ತಂಗಿ ಚೀಟಿಯಲ್ಲಿ ಬರೆದು ಕೊಟ್ಟಿದ್ದಾಳೆ: “ಇದನ್ನೆಲ್ಲಾ ಮಾಡಿ ನನ್ನ ಕೆಲಸ ಹೋದ್ರೆ ಸಭೆ ಏನ್ ಮಾಡುತ್ತೆ ಪಾಸ್ಟರ್?” ನ್ಯಾಯವಾದ ಪ್ರಶ್ನೆ. ಬೆನ್ನು ಕೊಡು ಅಂತ ಹೇಳೋ ನಾನು ಸಂಬಳಕ್ಕೆ ಯಾವ ಆ್ಯಪ್‌ಗೂ ಮುಖ ತೋರಿಸಬೇಕಾಗಿಲ್ಲ. ಹಾಗಾಗಿ ಪ್ರಾರ್ಥನೆ ಮಾಡ್ತೀವಮ್ಮ ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಸತ್ಯ ಬರೆದದ್ದಕ್ಕೆ ಕೆಲಸ ಕಳ್ಕೊಂಡವರ ಮನೆಬಾಡಿಗೆ, ರೇಷನ್ನು ಎರಡು ತಿಂಗಳು ಸಭೆ ನೋಡ್ಕೊಳ್ಳಬೇಕು ಅಂತ ನಾನು ಹಿರಿಯರ ಮುಂದೆ ಇಟ್ಟಿದ್ದೀನಿ. ಕಾಣಿಕೆಯಲ್ಲಿ ಎಷ್ಟಿದೆ, ಎಷ್ಟು ಜನಕ್ಕೆ ಆಗುತ್ತೆ, ಬುಧವಾರ ಪ್ರಾರ್ಥನೆ ಆದ್ಮೇಲೆ ಕೂತು ಲೆಕ್ಕ ಹಾಕ್ತೀವಿ. ಕೆಲಸಕ್ಕೆ ಹೋಗೋರಲ್ಲಿ ಇಬ್ಬರು, ಅದರಲ್ಲಿ ಒಬ್ಬರು ಹೆಣ್ಣುಮಗಳು, ಆ ಲೆಕ್ಕಕ್ಕೆ ಬಂದು ಕೂತ್ಕೊಳ್ಳಿ. ಈಗ ಎದ್ದು ನಿಲ್ಲೋಣ, ಹರಿಹರದವರಿಗೆ ಬಸ್ಸಿಗೆ ಹೊತ್ತಾಗುತ್ತೆ.